ಗಿಳಿಯ ಕೆಳಗಿನ ಬಳ್ಳಿ

ನಾನು ಚಿತ್ರ ಬರೆಯುತ್ತೇನೆ. ಚಿತ್ರ ಬರೆಯಲು ಬರುತ್ತದೆ ಎಂದು ನಾನು ಹೇಳಲಿಲ್ಲ, ದಯವಿಟ್ಟು ಗಮನಿಸಿ. ಬರೆಯುತ್ತೇನೆ ಎಂದಷ್ಟೇ ಹೇಳಿದೆ. ಹಾಡಲು ಬಾರದವನು ಬಚ್ಚಲುಮನೆಯಲ್ಲಿ ಹಾಡಿಕೊಂಡರೆ ಯಾರೂ ಬಾಗಿಲು ಬಡಿದು ಸರ್ಟಿಫಿಕೇಟು ಕೇಳುವುದಿಲ್ಲ. ಭಾಷಣ ಬಾರದವರು ಗಂಟೆಗಟ್ಟಲೆ ಮಾತಾಡಿ, ಮೇಲೆ ಹಾರವನ್ನೂ ಹಾಕಿಸಿಕೊಂಡು ಹೋಗುತ್ತಾರೆ. ಚಿತ್ರ ಬರೆಯುವವನನ್ನು ಕಂಡರೆ ಮಾತ್ರ ದಾರಿಹೋಕರೂ ಹೆಗಲ ಮೇಲಿಂದ ಬಗ್ಗಿ ನೋಡಿ, 'ಏನಿದು, ಎಮ್ಮೆಯೋ?' ಎಂದು ಕೇಳುವ ಹಕ್ಕನ್ನು ತಾವೇ ತೆಗೆದುಕೊಂಡುಬಿಡುತ್ತಾರೆ. ಹೌದು, ಎಮ್ಮೆ. ನಿಮಗೇನು ತೊಂದರೆ? ಹೀಗೆ ಕೇಳುವ ಧೈರ್ಯ ನನಗೆ ಬರಲು ನಲವತ್ತು ವರ್ಷ ಬೇಕಾಯಿತು. ಬಂದಮೇಲೆ ಸುಮ್ಮನೆ ಕೂಡುವವನಲ್ಲ ನಾನು.

ಚಿಕ್ಕಂದಿನಲ್ಲಿ ಡ್ರಾಯಿಂಗ್ ಲೋವರ್ ಪರೀಕ್ಷೆಗೆ ಎರಡು ಸಲ ಬಾಗಲಕೋಟೆಗೆ ಹೋಗಿ ಎರಡು ಸಲವೂ ಫೇಲಾಗಿ ಬಂದವನು ನಾನು. ಎರಡು ಸಲವೂ ನನ್ನನ್ನು ಕೆಡವಿದ್ದು ನೀರಿನ ಕೊಡ. ಮೇಜಿನ ಮೇಲೆ ಒಂದು ತಾಮ್ರದ ಕೊಡ ಇಟ್ಟು ಬರೆಯಿರಿ ಎನ್ನುತ್ತಿದ್ದರು. ಎಡಗಡೆಯ ಹೊಟ್ಟೆಯನ್ನು ಸೊಗಸಾಗಿ ಬರೆಯುತ್ತಿದ್ದೆ. ಬಲಗಡೆಗೆ ಬರುವಷ್ಟರಲ್ಲಿ ಕೊಡಕ್ಕೆ ಹಲ್ಲುನೋವು ಬಂದು ಕೆನ್ನೆ ಊದಿಕೊಂಡಿರುತ್ತಿತ್ತು. ಅದನ್ನು ರಬ್ಬರಿನಿಂದ ತಿಕ್ಕುತ್ತಿದ್ದೆ. ತಿಕ್ಕಿದಷ್ಟೂ ಕಾಗದ ಕರ್ರಗಾಗಿ, ತೆಳ್ಳಗಾಗಿ, ಕೊನೆಗೆ ಕೊಡದ ನಟ್ಟನಡುವೆ ಒಂದು ತೂತು ಬೀಳುತ್ತಿತ್ತು. ನಮ್ಮ ಡ್ರಾಯಿಂಗ್ ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ನೋಡಿ, "ನಿನ್ನ ಕೊಡದಾಗ ನೀರು ನಿಂದ್ರಂಗಿಲ್ಲಲೇ" ಎಂದು ಶಾಂತವಾಗಿ ಹೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಶಾಂತವಾಗಿ ಹೇಳಿದ್ದರಿಂದ ಇವತ್ತಿಗೂ ನೆನಪಿದೆ. ಅವತ್ತಿನಿಂದ ನನ್ನದೊಂದೇ ಆಸೆ. ನನ್ನ ಕೈಯ ಒಂದು ಗೆರೆಯನ್ನು ನೋಡಿ ಯಾರಾದರೂ ಒಬ್ಬರು, ನನ್ನ ಮುಲಾಜಿಗಲ್ಲದೆ, ಚಂದ ಇದೆ ಎನ್ನಬೇಕು.

ಮುಂದೆ ನಾನು ಇಳಕಲ್ಲಿನ ಒಂದು ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತನಾದೆ. ಕ್ವಾರಿಯಿಂದ ಬಂದ ಕಲ್ಲಿನ ಉದ್ದ, ಅಗಲ, ಎತ್ತರ ಅಳೆದು ಬರೆದುಕೊಳ್ಳುವುದು, ಹೊರಗೆ ಹೋಗುವ ಪ್ರತಿ ಲಾರಿಗೂ ಗೇಟ್ ಪಾಸಿಗೆ ಸಹಿ ಹಾಕುವುದು, ಇಷ್ಟೇ ಕೆಲಸ. ನನ್ನ ಹೆಸರು ವೀರಭದ್ರಪ್ಪ. ದಿನಕ್ಕೆ ನಲವತ್ತು ಸಲ ಬರೆಯುವವನಿಗೆ ಇದು ಬಹಳ ಉದ್ದದ ಹೆಸರು. ಮೊದಲ ವರ್ಷ ಪೂರ್ತಿ ಬರೆಯುತ್ತಿದ್ದೆ. ಎರಡನೆಯ ವರ್ಷ 'ಭದ್ರ' ಸವೆದುಹೋಯಿತು. ಆಮೇಲೆ ಒಂದೊಂದೇ ಅಕ್ಷರ ಕರಗಿ, ಮೊದಲ ಅಕ್ಷರದ ತಲೆಯಿಂದ ಹೊರಟ ಗೆರೆ ಎರಡು ಸುತ್ತು ಸುತ್ತಿ, ಕೊನೆಯ ಒತ್ತಕ್ಷರದ ಬಾಲವಾಗಿ ಕೆಳಗಿಳಿದು, ಮತ್ತೆ ಮೇಲೆ ಹತ್ತಿ ನಿಲ್ಲುತ್ತಿತ್ತು. ಅದರಲ್ಲಿ ನನ್ನ ಹೆಸರು ಇದೆ ಎಂಬುದು ನನಗೆ, ನನ್ನ ಹೆಂಡತಿ ನಿರ್ಮಲಾಳಿಗೆ ಮತ್ತು ಗೇಟಿನ ಕಾವಲುಗಾರನಿಗೆ ಬಿಟ್ಟರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಹೊಸ ಶತಮಾನ ಬಂದು ಎರಡು ವರ್ಷವಾಗಿರಬೇಕು. ನಮ್ಮ ಸಾಹುಕಾರರು ಮುಂಬಯಿಯಿಂದ ಅಂಗೈಯಷ್ಟು ದೊಡ್ಡ ಒಂದು ಯಂತ್ರ ತಂದರು. ನೋಡಲು ಮೊಬೈಲು ಫೋನಿನ ಹಾಗಿತ್ತು, ಆದರೆ ಅದರಲ್ಲಿ ಮಾತಾಡಲು ಬರುತ್ತಿರಲಿಲ್ಲ. ಬೂದು ಬಣ್ಣದ ಗಾಜಿನ ಮೇಲೆ ಒಂದು ಪ್ಲಾಸ್ಟಿಕ್ ಕಡ್ಡಿಯಿಂದ ಬರೆದರೆ ಬರೆದದ್ದು ಕಪ್ಪಗೆ ಮೂಡುತ್ತಿತ್ತು. ಸಾಹುಕಾರರ ಬೆರಳುಗಳು ಬಾಳೆಹಣ್ಣಿನಂಥವು. ಕಡ್ಡಿ ಅವುಗಳ ನಡುವೆ ನಿಲ್ಲದೆ ಜಾರುತ್ತಿತ್ತು. ಹದಿನೈದು ದಿನದಲ್ಲಿ ಅವರಿಗೆ ಸಾಕಾಗಿ, ಇನ್ನು ಕಲ್ಲಿನ ಅಳತೆಯನ್ನೆಲ್ಲ ಇದರಲ್ಲೇ ಬರೆ ಎಂದು ನನ್ನ ಕೈಗೆ ಕೊಟ್ಟರು. ಮೂರು ತಿಂಗಳು ಬರೆದೆ. ಒಂದು ಸೋಮವಾರ ಅದರ ಸಣ್ಣ ಸೆಲ್ಲುಗಳು ಪೂರ್ತಿ ಮುಗಿದವು. ಹೊಸ ಸೆಲ್ಲು ಹಾಕಿದರೆ ಯಂತ್ರವೇನೋ ಎದ್ದಿತು, ಆದರೆ ಅದಕ್ಕೆ ಹಿಂದಿನ ಜನ್ಮದ ನೆನಪು ಒಂದಿಷ್ಟೂ ಉಳಿದಿರಲಿಲ್ಲ. ಮೂರು ತಿಂಗಳ ಅಳತೆ ಅಷ್ಟೂ ಮಾಯ. ಅಂಗಳದಲ್ಲಿ ಇನ್ನೂರು ಕಲ್ಲುಗಳನ್ನು ಮತ್ತೆ ಅಳೆದೆ. ಸಾಹುಕಾರರು, ಇನ್ನುಮುಂದೆ ಅಳತೆ ಹಾಳೆಯ ಮೇಲೆಯೇ ಇರಲಿ, ಈ ದರಿದ್ರ ನನ್ನ ಕಣ್ಣಿಗೆ ಬೀಳದಿರಲಿ ಎಂದರು. ಅವರ ಕಣ್ಣಿಗೆ ಬೀಳದ ಜಾಗ ಎಂದರೆ ನನ್ನ ಮನೆ. ತೆಗೆದುಕೊಂಡು ಬಂದೆ.

ಅದರಲ್ಲಿ ಚಿತ್ರ ಬರೆಯಬಹುದು ಎಂದು ನನಗೆ ಮೊದಲೇ ಗೊತ್ತಾಗಿತ್ತು. ಕಲ್ಲು ಅಳೆಯುವ ಹೊತ್ತಿನಲ್ಲಿ ಕದ್ದು ಒಂದೆರಡು ಎಮ್ಮೆ ಬರೆದಿದ್ದೆ ಕೂಡ. ಆದರೆ ಮನೆಗೆ ತಂದಮೇಲೆ ಅದರ ನಿಜವಾದ ಗುಣ ತಿಳಿಯಿತು. ಎಷ್ಟು ಸಲ ಅಳಿಸಿದರೂ ಅದು ಹರಿಯುವುದಿಲ್ಲ! ಕರ್ರಗಾಗುವುದಿಲ್ಲ, ತೂತು ಬೀಳುವುದಿಲ್ಲ. ಕೊಡದ ಬಲಗೆನ್ನೆಯನ್ನು ನಾನು ಒಂದೇ ದಿನ ನೂರು ಸಲ ಅಳಿಸಿದೆ. ನೂರಾ ಒಂದನೆಯ ಸಲವೂ ಊದಿಕೊಂಡೇ ಬಂತು, ಅದು ಬೇರೆ ಮಾತು. ಗೆರೆ ನೆಟ್ಟಗೆ ಇದ್ದರೆ ನೆಟ್ಟಗೆ ಬರುತ್ತಿತ್ತು. ಸ್ವಲ್ಪ ಬಳುಕಿತೋ, ಮಾಳಿಗೆಗೆ ಹತ್ತುವ ಮೆಟ್ಟಿಲಿನ ಹಾಗೆ ಚುಕ್ಕಿ ಚುಕ್ಕಿಯಾಗಿ ಏರುತ್ತಿತ್ತು. ನಿರ್ಮಲಾ ನೋಡಿ, ಪಾಪ, ನಿಮ್ಮ ಎಮ್ಮೆಗೆ ಸಿಡುಬು ಎದ್ದಿದೆ ಎಂದಳು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ತೋರಿಸಿದೆ. ಪಾಲಿಶ್ ಮಾಡುವವರು ನಕ್ಕು ನಕ್ಕು ರೊಟ್ಟಿ ನೆತ್ತಿಗೆ ಹತ್ತಿಸಿಕೊಂಡರು. ನಗಲಿ. ನಾನು ಹಟ ಹಿಡಿದೆ. ದಿನಾ ಸಂಜೆ ಮನೆಗೆ ಬಂದು, ಚಹಾ ಕುಡಿದು, ಕಟ್ಟೆಯ ಮೇಲೆ ಕೂತು ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಬರೆದೆ.

ಈ ಯಂತ್ರವನ್ನು ನೋಡಿ ನಗದೇ ಇದ್ದವರು ಒಬ್ಬರೇ, ನನ್ನ ಮಾವನವರು. ಗುಳೇದಗುಡ್ಡದಲ್ಲಿ ಅವರದು ರವಿಕೆಯ ಖಣ ನೇಯುವ ಮನೆ. ನಡುಮನೆಯಲ್ಲೇ ಮಗ್ಗ, ಮಗ್ಗದ ಸುತ್ತ ಉಳಿದ ಜಾಗದಲ್ಲಿ ಸಂಸಾರ. ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ನನ್ನ ಚುಕ್ಕಿ ಚುಕ್ಕಿ ಗಿಳಿಯೊಂದನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಅಳಿಯಾರ, ಈ ಚಿತ್ರ ಎಣಿಸಾಕ ಬರತೈತ್ರಿ" ಎಂದರು. ನೇಕಾರರು ಖಣದ ಹೂವನ್ನು ಚೌಕಳಿ ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಒಂದು ಮನೆಗೆ ಒಂದು ಎಳೆ. ಅದನ್ನು ಎಣಿಸಿ ಎಣಿಸಿ ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಹೂವು ಬಟ್ಟೆಯಲ್ಲಿ ಏಳುತ್ತದೆ. ಅವರ ಗೆರೆಗಳೂ ನನ್ನ ಗೆರೆಗಳ ಹಾಗೆ ಮೆಟ್ಟಿಲು ಮೆಟ್ಟಿಲೇ. ಊರೆಲ್ಲ ಸಿಡುಬು ಎಂದು ನಕ್ಕಿದ್ದನ್ನು ಗುಳೇದಗುಡ್ಡದಲ್ಲಿ ನೇಯ್ಗೆ ಎನ್ನುತ್ತಿದ್ದರು! ನನ್ನ ಎದೆ ಎಷ್ಟು ಉಬ್ಬಿತೆಂದರೆ, ಮುಂದೆ ಆಡಿದ ಮಾತಿಗೆ ನಾನು ಹೊಣೆಯಲ್ಲ. ಅದಕ್ಕೆ ಆ ಎದೆಯೇ ಹೊಣೆ. ನಿರ್ಮಲಾಳ ತಂಗಿ ಶೈಲಾಳನ್ನು ಬಾದಾಮಿಗೆ ಕೊಟ್ಟಿತ್ತು. ಅವಳು ಆಗ ಏಳು ತಿಂಗಳ ಬಸುರಿ. ಬಸುರಿಗೆ ತವರಿನವರು ಖಣದಲ್ಲಿ ಹೊಲಿಸಿದ ಕುಬಸ ತೊಡಿಸಿ ಆರತಿ ಎತ್ತುವುದು ನಮ್ಮ ಕಡೆಯ ಪದ್ಧತಿ. ಆ ಕಾರ್ಯಕ್ಕೆ ಕುಬಸ ಎಂದೇ ಹೆಸರು. ಶೈಲಾಳ ಕುಬಸದ ಖಣಕ್ಕೆ ಚಿತ್ರ ನನ್ನದು ಎಂದು ನಾನು ಅಲ್ಲೇ ಘೋಷಿಸಿಬಿಟ್ಟೆ.

ಇಲ್ಲಿ ನನ್ನ ಮಾವನ ಮನೆಯ ಒಂದು ಕಷ್ಟ ಹೇಳಬೇಕು. ಅಲ್ಲಿ ಅಳಿಯನ ಮಾತು ನೆಲಕ್ಕೆ ಬೀಳುವಂತಿಲ್ಲ. ಮದುವೆಯಾದ ಹೊಸತರಲ್ಲಿ, ಬಾಯಿ ತುಂಬ ತುತ್ತಿದ್ದಾಗ, ಶೇಂಗಾ ಹೋಳಿಗೆ ಚೆನ್ನಾಗಿದೆ ಎಂದು ಒಂದೇ ಒಂದು ಸಲ ಅಂದಿದ್ದೆ. ಹದಿಮೂರು ವರ್ಷವಾಯಿತು, ಆ ಮನೆಯ ಹೊಸ್ತಿಲು ತುಳಿದರೆ ಸಾಕು, ಶೇಂಗಾ ಹೋಳಿಗೆ ಬರುತ್ತದೆ. ಜ್ವರ ಬಂದಾಗಲೂ ಬಂದಿದೆ. ಹೀಗಿರುವಾಗ, ಚಿತ್ರ ನನ್ನದು ಎಂದಮೇಲೆ ಮುಗಿಯಿತು. ಹೆಂಡತಿ ಮಾತ್ರ ದಾರಿಯಲ್ಲಿ ಬಸ್ಸಿನಲ್ಲಿ ಕಿವಿಯ ಹತ್ತಿರ ಬಾಯಿ ತಂದು ಎಚ್ಚರಿಸಿದಳು. ಶೈಲಾಳ ಅತ್ತೆ ಬಹಳ ಕಟ್ಟುನಿಟ್ಟಿನ ಹೆಂಗಸು, ತವರಿನಿಂದ ಹೋದ ತೆಂಗಿನಕಾಯಿಯನ್ನೂ ಅಲ್ಲಾಡಿಸಿ ನೋಡುವವಳು, ಕುಬಸದಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ತಂಗಿ ಬಾಳಿನುದ್ದಕ್ಕೂ ಮಾತು ಕೇಳಬೇಕಾಗುತ್ತದೆ ಎಂದಳು. ಹೆಚ್ಚುಕಮ್ಮಿ ಯಾಕಾಗುತ್ತದೆ ಎಂದು ನಾನು ಗುಡುಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

ಹದಿನೈದು ದಿನ ಬರೆದೆ. ಗಿಳಿಯ ಕೊಕ್ಕಿಗೇ ನಾಲ್ಕು ದಿನ ಹಿಡಿಯಿತು. ಒಮ್ಮೆ ಕೋಳಿಯಾಯಿತು, ಒಮ್ಮೆ ನಮ್ಮ ಸಾಹುಕಾರರಾಯಿತು. ಕೊನೆಗೊಂದು ಸಂಜೆ ಗಿಳಿಯೇ ಆಯಿತು. ದೇವರಾಣೆ, ಗಿಳಿಯೇ. ನಮ್ಮ ಐದು ವರ್ಷದ ಮಗಳು ಗೌರಿ ನೋಡಿದ ಕೂಡಲೇ, ಯಾರೂ ಹೇಳಿಕೊಡದೆ ಗಿಣಿ ಎಂದಳು. ಆ ಖುಷಿಯಲ್ಲಿ ಕೈಗೆ ಏನೋ ಬಂದಂತಾಗಿ, ದೊಡ್ಡ ಕಲಾವಿದರು ಮಾಡುವ ಹಾಗೆ ಚಿತ್ರದ ಕೆಳಗೆ ನನ್ನ ಸಹಿಯನ್ನೂ ಎಳೆದುಬಿಟ್ಟೆ. ಗಿಳಿಗೆ ಹದಿನೈದು ದಿನ ತಿಣುಕಿದ ಕೈ, ಸಹಿಯನ್ನು ಒಂದೇ ಉಸಿರಿನಲ್ಲಿ ಮುಗಿಸಿತು. ಮರುದಿನವೇ ಗುಳೇದಗುಡ್ಡಕ್ಕೆ ಹೋಗಿ ಯಂತ್ರವನ್ನು ಮಾವನವರ ಕೈಗೆ ಕೊಟ್ಟೆ. ಅವರು ಲೆನ್ಸು ಹಿಡಿದು ಎಣಿಸಿ ನೋಡಿ, ಸಂಕೋಚದಿಂದಲೇ ಒಂದು ಮಾತು ಹೇಳಿದರು. ಯಂತ್ರದ ಚುಕ್ಕಿಗೆ ಉದ್ದ ಅಗಲ ಎರಡೂ ಒಂದೇ, ಬಟ್ಟೆಯಲ್ಲಿ ಹಾಸಿನ ಎಳೆ ಒತ್ತಾಗಿ ಇರುತ್ತದೆ, ಹೊಕ್ಕಿನ ಎಳೆ ಬಿಡಿಯಾಗಿ, ಹೀಗೇ ಇಳಿಸಿದರೆ ಗಿಳಿ ಸ್ವಲ್ಪ ಉದ್ದ ಜಗ್ಗುತ್ತದೆ, ಅಲ್ಲಲ್ಲಿ ನಾಲ್ಕು ಚುಕ್ಕಿ ತೆಗೆಯಲೇ ಎಂದು ಕೇಳಿದರು. ಐವತ್ತು ವರ್ಷ ಮಗ್ಗದಲ್ಲಿ ಕೂತವರ ಮಾತು. ನಾನು ಕೇಳಬೇಕಿತ್ತು. ಆದರೆ ನನ್ನ ಚಿತ್ರಕ್ಕೆ ಇನ್ನೊಬ್ಬರು ಕೈಹಾಕುತ್ತಾರೆ ಎಂದ ಕೂಡಲೇ ನನಗೆ ಡ್ರಾಯಿಂಗ್ ಮಾಸ್ತರರೇ ಎದುರಿಗೆ ನಿಂತಂತಾಯಿತು. "ಮಾವಾರ, ಒಂದು ಚುಕ್ಕಿ ತಗೀಬ್ಯಾಡ್ರಿ. ಒಂದು ಚುಕ್ಕಿ ಬಿಡಬ್ಯಾಡ್ರಿ. ಇದ್ದದ್ದು ಇದ್ದಂಗ ಬರಬೇಕು" ಎಂದೆ. ಅಳಿಯನ ಮಾತು. ಅವರು ತಲೆಯಾಡಿಸಿದರು.

ಆ ಯಂತ್ರಕ್ಕೆ ಇನ್ನೊಂದು ಚಾಳಿಯಿತ್ತು. ಎರಡು ನಿಮಿಷ ಮುಟ್ಟದಿದ್ದರೆ ತಾನೇ ನಿದ್ದೆಹೋಗುತ್ತಿತ್ತು. ಮಾವನವರು ಒಂದು ಸಾಲು ಎಣಿಸಿ ಕಾಗದಕ್ಕೆ ಇಳಿಸಿ ತಲೆ ಎತ್ತುವಷ್ಟರಲ್ಲಿ ಗಾಜು ಖಾಲಿ. ಅದಕ್ಕೆ ಅತ್ತೆಯವರನ್ನು ಪಕ್ಕಕ್ಕೆ ಕೂಡಿಸಿಕೊಂಡರಂತೆ. ಅವರು ಒಂದು ಕೈಯಲ್ಲಿ ಮೊರದ ಜೋಳ ಹಸನು ಮಾಡುತ್ತ, ಇನ್ನೊಂದು ಕೈಯಲ್ಲಿ ಕಡ್ಡಿ ಹಿಡಿದು, ಮಲಗಿದ ಕೂಸನ್ನು ತಟ್ಟುವ ಹಾಗೆ ಆಗಾಗ ಗಾಜನ್ನು ತಟ್ಟುತ್ತ ಎಚ್ಚರವಾಗಿ ಇಟ್ಟರಂತೆ. ಇದೆಲ್ಲ ನನಗೆ ತಿಳಿದದ್ದು ಬಹಳ ತಡವಾಗಿ. ಕಾಗದಕ್ಕೆ ಪೂರ್ತಿ ಇಳಿಸಿದ ದಿನವೇ ಸೆಲ್ಲು ಮುಗಿದು, ಗಿಳಿ, ಎಮ್ಮೆ, ಕೊಡ, ಸಾಹುಕಾರರು ಎಲ್ಲ ಒಟ್ಟಿಗೆ ಅಳಿಸಿಹೋದವು. ಮಾವನವರು ಗಾಬರಿಯಾಗಿ ಫೋನು ಮಾಡಿಸಿದರು. ಇರಲಿ ಬಿಡಿ, ಬಟ್ಟೆಯಲ್ಲಿ ಉಳಿಯುತ್ತದಲ್ಲ ಎಂದು ನಾನೇ ಸಮಾಧಾನ ಹೇಳಿದೆ. ಆ ಮಾತು ಎಷ್ಟು ಖರೆ ಎಂದು ಆಗ ಗೊತ್ತಿರಲಿಲ್ಲ.

ಖಣವನ್ನು ಅಲ್ಲಿಯೇ ಹೊಲಿಸಿ ನೇರವಾಗಿ ಬಾದಾಮಿಗೆ ಒಯ್ದಿದ್ದರಿಂದ ನಾನು ಅದನ್ನು ಮೊದಲು ನೋಡಿದ್ದು ಕುಬಸದ ದಿನವೇ. ಶೈಲಾ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು, ನನ್ನ ಚಿತ್ರದ ಕುಬಸ ಹಾಕಿಕೊಂಡು ಬಂದು ಮಣೆಯ ಮೇಲೆ ಕೂತಳು. ನಾನು ನೋಡಿದೆ. ಗಿಳಿಗಳ ಕತ್ತು ಗೇಣುದ್ದ ಜಗ್ಗಿತ್ತು. ಕಾಲು ಕೋಲಿನ ಹಾಗಾಗಿತ್ತು. ಶೈಲಾಳ ಅತ್ತೆ ಕನ್ನಡಕ ಹಾಕಿಕೊಂಡು ತೋಳಿನ ಮೇಲಿನ ಒಂದು ಗಿಳಿಯನ್ನು ಪರೀಕ್ಷಿಸಿ, ಬಸುರಿಗೆ ಕೊಕ್ಕರೆ ಯಾಕೆ ನೇಯ್ದಿರಿ ಎಂದು ನಮ್ಮ ಅತ್ತೆಯವರನ್ನು ಕೇಳಿದಳು. ಅದು ಗಿಳಿ ಎಂದು ನಾನು ಗಂಡಸರ ಸಾಲಿನಿಂದ ಕೂಗಿ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಆಕೆಯ ಬೆರಳು ಒಂದಿಷ್ಟು ಕೆಳಗೆ ಸರಿಯಿತು. "ಕೊಕ್ಕರಿ ಹ್ವಾದರ ಹೋಗ್ಲಿ, ಕೆಳಗಿನ ಬಳ್ಳಿ ಭಾಳ ಚಂದ ಬಂದೈತಿ. ಬಳಕಿದ್ದು ನೋಡ್ರೆವಾ, ಜೀವ ಇದ್ದಂಗ ಐತಿ" ಎಂದಳು. ಹೆಂಗಸರೆಲ್ಲ ಮುತ್ತಿಕೊಂಡರು. ಹೌದು, ಬಳ್ಳಿ ಚಂದ, ಅದರ ಸುತ್ತಲಿನ ಮೊಗ್ಗು ಇನ್ನೂ ಚಂದ ಎಂದರು. ಯಾವ ಬಳ್ಳಿ? ನಾನು ಬಳ್ಳಿ ಬರೆದೇ ಇರಲಿಲ್ಲ.

ಆರತಿ ಹಿಡಿದುಕೊಂಡು ಬಂದ ನಿರ್ಮಲಾ ತಂಗಿಯ ಬೆನ್ನ ಹಿಂದೆ ನಿಂತವಳು ನಿಂತೇಬಿಟ್ಟಳು. ಆಮೇಲೆ ತಾಟನ್ನು ಯಾರದೋ ಕೈಗೆ ಕೊಟ್ಟು, ನನ್ನನ್ನು ಹಿತ್ತಲಿಗೆ ಕರೆದು, ಮೆಲ್ಲಗೆ ಹೇಳಿದಳು. "ಶೈಲಾನ ಬೆನ್ನ ತುಂಬ ನಿಮ್ಮ ಗೇಟ್ ಪಾಸಿನ ಸಹಿ ಐತ್ರಿ." ನನ್ನ ಕಾಲ ಕೆಳಗಿನ ಬಾದಾಮಿ ಅಲ್ಲಾಡಿತು. ಒಂದು ಚುಕ್ಕಿಯನ್ನೂ ಬಿಡಬೇಡಿ ಎಂದವನು ನಾನೇ. ಮಾವನವರು ಬಿಟ್ಟಿರಲಿಲ್ಲ. ಗಿಳಿ ಗಾಳಿಯಲ್ಲಿ ಕೂಡುತ್ತದೆಯೇ, ಕಾಲ ಕೆಳಗಿನದು ಬಳ್ಳಿ ಎಂದು ತಿಳಿದು ನಿಷ್ಠೆಯಿಂದ ನೇಯ್ದಿದ್ದರು. ಮೊಗ್ಗುಗಳು ಅತ್ತೆಯವರವು. ಯಂತ್ರವನ್ನು ಎಚ್ಚರವಿಡಲು ಅವರು ಕಡ್ಡಿಯಿಂದ ತಟ್ಟಿದಲ್ಲೆಲ್ಲ ಒಂದೊಂದು ಚುಕ್ಕಿ ಬಿದ್ದಿತ್ತು, ಅವನ್ನೂ ಮಾವನವರು ಎಣಿಸಿದ್ದರು. ನಗುವ ಮಾತಲ್ಲ. ಅಕ್ಕನ ಗಂಡನ ಹೆಸರನ್ನು ಬೆನ್ನ ಮೇಲೆ ಹೊತ್ತು ತುಂಬಿದ ಬಸುರಿ ಅತ್ತೆಮನೆಯ ಮಣೆಯ ಮೇಲೆ ಕೂತಿದ್ದಾಳೆ! ಕಾಯಿ ಅಲ್ಲಾಡಿಸಿ ನೋಡುವ ಆ ಹೆಂಗಸಿಗೆ ಇದು ತಿಳಿದರೆ ಶೈಲಾಳ ಗತಿ ಏನು? ಅವತ್ತು ನಾನು ಮೊದಲ ಸಲ ನನ್ನ ಅಕ್ಷರ ಯಾರಿಗೂ ತಿಳಿಯದಷ್ಟು ಕೆಟ್ಟದಾಗಿರುವುದಕ್ಕೆ ದೇವರಿಗೆ ಕೈಮುಗಿದೆ. ಇನ್ನುಮೇಲೆ ಜನ್ಮದಲ್ಲಿ ಆ ಸಹಿ ಹಾಕುವುದಿಲ್ಲ ಎಂದು ನಿರ್ಮಲಾ ಅಲ್ಲೇ ಹಿತ್ತಲ ತುಳಸಿಯ ಮುಂದೆ ನನ್ನಿಂದ ಮಾತು ತೆಗೆದುಕೊಂಡಳು. ಅವತ್ತಿನಿಂದ ಗೇಟ್ ಪಾಸಿನ ಮೇಲೆ ಒಂದನೆಯ ಇಯತ್ತೆಯ ಹುಡುಗನ ಹಾಗೆ ವೀ-ರ-ಭ-ದ್ರ-ಪ್ಪ ಎಂದು ಬಿಡಿಸಿ ಬಿಡಿಸಿ ಬರೆಯತೊಡಗಿದೆ. ಗೇಟಿನ ಕಾವಲುಗಾರ ಎರಡು ದಿನ ಲಾರಿ ಬಿಡಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಶೈಲಾಳ ಅತ್ತೆಯ ತಮ್ಮನದು ಬಾಗಲಕೋಟೆಯಲ್ಲಿ ಬಟ್ಟೆಯ ಅಂಗಡಿ. ಅವನು ಮಾವನವರಿಗೆ ಹೇಳಿಕಳಿಸಿದ. ಕೊಕ್ಕರೆ ತೆಗೆಯಿರಿ, ಬರೀ ಬಳ್ಳಿ ಮತ್ತು ಮೊಗ್ಗು ಇರಲಿ, ಎಷ್ಟು ನೇಯ್ದರೂ ತೆಗೆದುಕೊಳ್ಳುತ್ತೇನೆ ಎಂದ. ಮಾವನವರು ಹಿರಿಹಿರಿ ಹಿಗ್ಗಿ ನನ್ನನ್ನು ಕೇಳಿದರು. ಬೇಡ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ನೇಯಿರಿ ಎಂದೆ. ಒಂದೇ ವರ್ಷದಲ್ಲಿ ಅದು ಓಣಿಯ ಮಗ್ಗಗಳಿಗೆಲ್ಲ ಹಬ್ಬಿತು. ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸಹಿ ನನ್ನ ಮುಂದೆಯೇ ಬಸ್ಸು ಹತ್ತಿ ಹೋಯಿತು. ಕೂಡಲಸಂಗಮದಲ್ಲಿ ನನ್ನ ಸಹಿ ಹೊಳೆಯಲ್ಲಿ ಮುಳುಗಿ ಎದ್ದಿತು. ಎಲ್ಲೆಲ್ಲೂ ಹೆಂಗಸರು ಒಬ್ಬರಿಗೊಬ್ಬರು ಬಳ್ಳಿ ಚಂದ ಇದೆ ಎನ್ನುತ್ತಿದ್ದರು. ನನಗೆ ನಾಚಿಕೆಯಾಯಿತು ಎಂದರೆ ಸುಳ್ಳಾಗುತ್ತದೆ. ಹಿಗ್ಗಾಯಿತು. ಜೊತೆಗೆ ಹೊಟ್ಟೆ ಉರಿಯಿತು. ಹದಿನೈದು ದಿನ ತಿದ್ದಿದ ಗಿಳಿಯನ್ನು ಊರೇ ಕಿತ್ತೆಸೆದು, ಒಂದು ಉಸಿರಿನ ಗೀಚನ್ನು ಮೈಮೇಲೆ ಹಾಕಿಕೊಂಡು ತಿರುಗುತ್ತಿತ್ತು. ಅದು ನನ್ನದು ಎಂದು ಹೇಳುವಂತೆಯೂ ಇರಲಿಲ್ಲ.

ಮೊನ್ನೆ ಗೌರಿಯ ಶಾಲೆಯಿಂದ ಕರೆ ಬಂತು. ಅವಳೀಗ ಐದನೆಯ ಇಯತ್ತೆ. ಅವಳ ಪ್ರಗತಿಪತ್ರದ ಮೇಲಿನ ನನ್ನ ಸಹಿ ಅವಳೇ ಹಾಕಿದ್ದು ಎಂದು ತರಗತಿಗೆ ಈ ವರ್ಷ ಹೊಸದಾಗಿ ಬಂದ ಅಕ್ಕೋರಿಗೆ ಸಂಶಯ. ಇಷ್ಟು ದುಂಡಗೆ, ಬಿಡಿಸಿ ಬರೆದದ್ದು ದೊಡ್ಡವರ ಸಹಿಯಾಗಿರಲು ಸಾಧ್ಯವೇ ಇಲ್ಲ, ಶಾಲೆಗೆ ಸೇರಿಸುವಾಗಿನ ಅರ್ಜಿಯ ಮೇಲೆ ನಿಮ್ಮದು ಬೇರೆಯೇ ಇದೆ ಎಂದರು. ಗೌರಿ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಹಳೆಯ ಅರ್ಜಿ ತೋರಿಸಲು ಅಕ್ಕೋರು ಕಪಾಟಿನ ಕಡೆ ತಿರುಗಿದರು. ಅವರ ಬೆನ್ನ ಮೇಲೆ, ಮೆರೂನ್ ಖಣದಲ್ಲಿ, ಸಾಲು ಸಾಲಾಗಿ ನಾನು! ನಿರ್ಮಲಾಳಿಗೆ ಕೊಟ್ಟ ಮಾತು ನೆನಪಾಯಿತು. ಶೈಲಾಳ ಅತ್ತೆ ನೆನಪಾದಳು. ಆದರೆ ನನ್ನ ಮಗಳು ನನ್ನ ಸಹಿಗಾಗಿ ಕಳ್ಳಿ ಎನ್ನಿಸಿಕೊಂಡು ಅಳುವುದೆಂದರೇನು? ಆದದ್ದಾಗಲಿ ಎಂದು ಪೆನ್ನು ತೆಗೆದುಕೊಂಡು, ಐದು ವರ್ಷದಿಂದ ಕಟ್ಟಿಹಾಕಿದ್ದ ಕೈಯನ್ನು ಬಿಟ್ಟು, ಪ್ರಗತಿಪತ್ರದ ಮೇಲೆ ಒಂದೇ ಉಸಿರಿಗೆ ಹಳೆಯ ಸಹಿ ಎಳೆದೆ.

ಅಕ್ಕೋರು ಅದನ್ನು ಅರ್ಜಿಯ ಪಕ್ಕಕ್ಕೆ ಹಿಡಿದು ನೋಡಿದರು. ಹೊಂದುತ್ತದೆ ಎಂದು ಒಪ್ಪಿ, ಗೌರಿಯ ಬೆನ್ನು ಸವರಿ, ಅಳಬೇಡ ಎಂದರು. ಆಮೇಲೆ ಪತ್ರವನ್ನು ಕೆಳಗಿಡದೆ ಇನ್ನೊಂದು ಸಲ ನೋಡಿದರು.

"ಭಾಳ ಚಂದ ಐತ್ರಿ ನಿಮ್ಮ ಸಹಿ. ಎಲ್ಲೋ ನೋಡೇನಿ ಅನಸ್ತೈತಿ. ಆದ್ರ ಏನೋ ಒಂದು ಕಮ್ಮಿ ಐತ್ರಿ ಇದರಾಗ."

ನಲವತ್ತೈದು ವರ್ಷಕ್ಕೆ ಬಂದ ಮಾತು. ಅದರಲ್ಲೂ ಕಮ್ಮಿ! ಪತ್ರವನ್ನು ಮತ್ತೆ ಇಸಿದುಕೊಂಡು, ಸಹಿಯ ಸುತ್ತ ನಮ್ಮ ಅತ್ತೆಯವರ ನಾಲ್ಕು ಚುಕ್ಕಿಗಳನ್ನೂ ಇಟ್ಟು ಕೊಟ್ಟೆ.